ಹಾಜರಿದ್ದವರು

ನಡಾವಳಿ ಬರೆಯುವವಳು ಯಾವಾಗಲೂ ನಾನೇ.
ನನ್ನ ಅಕ್ಷರ ದುಂಡಗಿದೆಯಂತೆ.
ಹನ್ನೊಂದು ಜನರ ಸಮಿತಿಯಲ್ಲಿ ದುಂಡಗೆ ಬರೆಯಬಲ್ಲವಳು
ಸೀರೆಯುಟ್ಟು ಬಂದವಳೊಬ್ಬಳೇ.

ಶಂಕರಘಟ್ಟ. ಏಪ್ರಿಲ್. ತೇಗದ ಮರಗಳಲ್ಲಿ ಎಲೆಯಿಲ್ಲ.
ಕಿಟಕಿಯಾಚೆ ಮುಸಿಯವೊಂದು
ಯಾರದೋ ಡಬ್ಬಿಯ ಚಿತ್ರಾನ್ನವನ್ನು
ಯಾರಿಗೂ ಹಂಚದೆ ತಿನ್ನುತ್ತಿದೆ.
ಒಳಗೆ ಸಮಾನತಾ ಸಮಿತಿಯ ಮೊದಲ ಸಭೆ.

ವಿಷಯ ಒಂದು: ವಿಜ್ಞಾನ ನಿಕಾಯದಲ್ಲಿ ಭೇದವುಂಟೆ?
ಇಲ್ಲವೇ ಇಲ್ಲ, ಎಂದರು ಡಾ. ವೃಷಭೇಂದ್ರಪ್ಪ.
ಆಮ್ಲಕ್ಕೆ ಜಾತಿಯಿಲ್ಲ, ಬ್ಯುರೆಟ್ಟಿಗೆ ಗಂಡುಹೆಣ್ಣಿಲ್ಲ.
ಎಲ್ಲರೂ ತಲೆದೂಗಿದರು. ನಾನು ಬರೆದೆ:
‘ಸಭೆಯು ಗಮನಿಸಿತು.’

ಬರೆಯದ್ದು ಇದು:
ನಾನು ಕೆಲಸಕ್ಕೆ ಸೇರಿದ ದಿನ, ಇದೇ ಮೇಜು, ಇವರೇ,
‘ಹೆಸರಿನ ಮುಂದೆ ಎಚ್ ಅಂದರೆ ಏನಮ್ಮ?’
ಹುಂಚದಕಟ್ಟೆ ಸರ್, ಊರು.
‘ಅದಲ್ಲ. ತಂದೆಯವರು... ಯಾರ ಪೈಕಿ?’
ಹೇಳಿದೆ. ‘ಓ’ ಎಂದರು.
ಆ ‘ಓ’ ಎಷ್ಟು ಉದ್ದವಿತ್ತೆಂದು ಅಳೆಯುವ ಉಪಕರಣ
ನಮ್ಮ ಲ್ಯಾಬಿನಲ್ಲಿಲ್ಲ.

ವಿಷಯ ಎರಡು: ಹೆಣ್ಣುಮಕ್ಕಳ ಶೌಚಾಲಯದ ಕೀಲಿ.
ಕೀಲಿ ಗುಮಾಸ್ತರ ಡ್ರಾಯರಿನಲ್ಲಿದೆ, ಗುಮಾಸ್ತರು ರಜೆಯಲ್ಲಿದ್ದಾರೆ.
ಮುಂದೂಡಲಾಯಿತು.
ಅದು ಮುಂದೂಡಬಹುದಾದ ವಿಷಯವೇ ಸರ್
ಎಂದು ಕೇಳಬೇಕಿತ್ತು. ಬರೆಯುತ್ತಿದ್ದೆ.

ವಿಷಯ ಮೂರನ್ನು ಸೇರಿಸಿದ್ದು ನಾನು. ತಿಪ್ಪೇಶ, ಎರಡನೇ ವರ್ಷ.
ಅವನಿಗೆ ತಿಳಿಗುಲಾಬಿ ಕಾಣುವುದಿಲ್ಲ.

ಎರಡು ವರ್ಷ ಯಾರಿಗೂ ಗೊತ್ತಿರಲಿಲ್ಲ.
ಹನಿ ಹನಿ ಬಿಡುತ್ತಿದ್ದ, ಫ್ಲಾಸ್ಕು ತಿರುಗಿಸುತ್ತಿದ್ದ,
ಪಕ್ಕದ ಬೆಂಚಿನಿಂದ ಮುಬೀನಾ ಸಣ್ಣಗೆ ಕೆಮ್ಮುತ್ತಿದ್ದಳು,
ಇವನು ಟಕ್ಕನೆ ನಲ್ಲಿ ಮುಚ್ಚುತ್ತಿದ್ದ.
ಸರಿಯಾದ ಹನಿ. ಪ್ರತಿ ಸಲವೂ.
ಈ ಹುಡುಗಿಗೆ ಲ್ಯಾಬಿನ ಗಾಳಿ ಆಗಿಬರುವುದಿಲ್ಲವೆಂದು
ಶುಂಠಿ ಕಷಾಯ ಕುಡಿಯಲು ಹೇಳಿದ್ದೆ ನಾನು,
ಪಿಎಚ್‌ಡಿ ಆದವಳು.

ಪರೀಕ್ಷೆಯಲ್ಲಿ ಅವಳನ್ನು ಬೇರೆ ಬ್ಯಾಚಿಗೆ ಹಾಕಿದರು.
ಅವನ ಫ್ಲಾಸ್ಕು ಮುರುಗಲ ಪಾನಕದ ಬಣ್ಣಕ್ಕೆ ತಿರುಗಿತ್ತು,
ಅವನಿನ್ನೂ ಹನಿ ಬಿಡುತ್ತಲೇ ಇದ್ದ.
ಎಲ್ಲೂ ಬಾರದ ಒಂದು ಕೆಮ್ಮಿಗೆ ಕಾಯುತ್ತ.

ಕಂಡದ್ದು ಹಾಲಪ್ಪ, ಗಾಜು ತೊಳೆಯುವ ಅಟೆಂಡರು.
‘ಮೇಡಂ, ಆ ಹುಡುಗ ಬಣ್ಣ ನೋಡಲ್ಲ, ಕಿವಿ ಕೊಡ್ತಾನೆ.’
ಮರುವಾರ ಉಗ್ರಾಣದಿಂದ ಹಳೆಯ ಪಿಎಚ್ ಮೀಟರು ತಂದ.
ಜೇಡ ಮನೆಮಾಡಿತ್ತು ಅದರಲ್ಲಿ. ಒರೆಸಿದ.
ಮುಳ್ಳು ಜಿಗಿಯುವುದನ್ನು ನೋಡಿದರಾಯಿತು,
ಗುಲಾಬಿ ಬೇಕಿಲ್ಲ, ಕೆಮ್ಮೂ ಬೇಕಿಲ್ಲ.
ಹನ್ನೆರಡು ವರ್ಷದಿಂದ ಅದು ಅಲ್ಲೇ ಇತ್ತು.

ಒಬ್ಬನಿಗಾಗಿ ಪದ್ಧತಿ ಬದಲಿಸಿದರೆ
ಉಳಿದವರಿಗೆ ಅನ್ಯಾಯವಲ್ಲವೆ, ಎಂದರೊಬ್ಬರು.
ಆ ಹುಡುಗಿ ಮಾಡಿದ್ದು ನಕಲು, ಕ್ರಮವಾಗಬೇಕು, ಎಂದರಿನ್ನೊಬ್ಬರು.
ಹಾಲಪ್ಪ ಮೂರನೇ ಸಲ ಚಹಾ ತಂದಿದ್ದ.
ಸಹಿಹಾಕಲು ವೃಷಭೇಂದ್ರಪ್ಪನವರು ಮೇಜೆಲ್ಲ ತಡಕಾಡಿದರು.
ಟ್ರೇ ಕೆಳಗಿಟ್ಟು, ಕಡತದಡಿಯಿಂದ ಅವರ ಕನ್ನಡಕ ತೆಗೆದು,
ಪಂಚೆಯಂಚಿನಲ್ಲಲ್ಲ, ಕರವಸ್ತ್ರದಲ್ಲಿ ಒರೆಸಿ,
ಕೈಗಿಟ್ಟ ಹಾಲಪ್ಪ.
ಅವರು ಹಾಕಿಕೊಂಡರು. ಅಕ್ಷರಗಳು ಕಂಡವು.
ಅದು ನಕಲೆಂದು ಯಾರೂ ಅನ್ನಲಿಲ್ಲ.
ಒಂದು ನಿಮಿಷ ಯಾರೂ ಏನೂ ಅನ್ನಲಿಲ್ಲ.

‘ಮೀಟರು ಬಳಸಲು ಒಪ್ಪಲಾಯಿತು’ ಎಂದು ದುಂಡಗೆ ಬರೆದೆ.
ಆಮೇಲೆ ಮೊದಲ ಪುಟಕ್ಕೆ ತಿರುಗಿ,
ಹಾಜರಿದ್ದವರು ಎಂಬುದರ ಕೆಳಗೆ
ಹನ್ನೆರಡನೆಯ ಸಾಲು: ಹಾಲಪ್ಪ.
ಹಾಜರಿಗೆ ಕುರ್ಚಿ ಇರಲೇಬೇಕೆಂದು
ಯಾವ ನಿಯಮದಲ್ಲೂ ಕಾಣೆ.

ಕಡತ ಮೇಲಿನ ಕಚೇರಿಯಿಂದ ವಾಪಸು ಬಂದಿದೆ.
ಆ ಹೆಸರಿನ ಪಕ್ಕ ಪೆನ್ಸಿಲಿನ ಪ್ರಶ್ನೆಚಿಹ್ನೆ.
ರಬ್ಬರು ಡ್ರಾಯರಿನಲ್ಲೇ ಇದೆ. ಅಳಿಸಿಲ್ಲ, ಎರಡನ್ನೂ.
ಗುಮಾಸ್ತರು ಇನ್ನೂ ರಜೆಯಲ್ಲಿದ್ದಾರೆ.

ನಿನ್ನೆ ಲ್ಯಾಬಿನಲ್ಲಿ ಮುಬೀನಾ ಕೆಮ್ಮಿದಳು.
ತಿಪ್ಪೇಶನ ಕೈ ತಾನಾಗಿ ನಲ್ಲಿಗೆ ಹೋಯಿತು,
ನಾನೂ ತಿರುಗಿ ನೋಡಿದೆ.
‘ಇಲ್ಲ ಮೇಡಂ,’ ಎಂದಳು, ಮೂಗೊರೆಸಿಕೊಳ್ಳುತ್ತ,
‘ಇದು ನಿಜವಾದ್ದು.’